ಜನರಲ್ ತಿಮ್ಮಯ್ಯನವರ ಶೌರ್ಯವೂ ಸಂಯಮವೂ

ನಮ್ಮ ನಾಡಿನ ವೀರಗಲ್ಲುಗಳು ಕಾದಿ ಮಡಿದವರ ಕೀರ್ತಿಯನ್ನು ಸಾರುತ್ತವೆ. ಶಸ್ತ್ರವಿದ್ದೂ ಅದನ್ನು ತಡೆದು ಹಿಡಿದವರ ಕೀರ್ತಿಗೆ ಅಲ್ಲಿ ಎಡೆಯು ವಿರಳ. ಕೊಡಗಿನ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರ ಚರಿತ್ರೆಯಲ್ಲಿ ಈ ಎರಡೂ ಕೀರ್ತಿಗಳು ಕೂಡಿಬಂದಿವೆ.

ಇವರು 1906ನೆಯ ಮಾರ್ಚಿ 31ರಂದು ಮಡಿಕೇರಿಯಲ್ಲಿ ಜನಿಸಿದರು. ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಸೈನಿಕ ವಿದ್ಯಾಲಯದಲ್ಲಿ ವ್ಯಾಸಂಗ ಮಾಡಿ 1926ರಲ್ಲಿ ಸೇನಾಧಿಕಾರಿಗಳಾದರು. 1945ರಲ್ಲಿ ಬರ್ಮಾದೇಶದ ಅರಕಾನಿನಲ್ಲಿ, ಕಂಗಾವ್ ಎಂಬೆಡೆ, ಹೈದರಾಬಾದ್ ರೆಜಿಮೆಂಟಿನ ಪಡೆಯೊಂದನ್ನು ನಡೆಸಿ ಜಪಾನೀಯರೊಡನೆ ಕಾದಿದುದಕ್ಕಾಗಿ ಡಿ.ಎಸ್.ಒ. ಎಂಬ ಯುದ್ಧಪದಕವನ್ನು ಪಡೆದರು. 1948ರ ನವೆಂಬರ್ 1ರಂದು, ಸುಮಾರು 11,500 ಅಡಿ ಎತ್ತರದ ಜೋಜಿ ಲಾ ಘಟ್ಟಕ್ಕೆ ಟ್ಯಾಂಕುಗಳನ್ನೇರಿಸಿ, ಶತ್ರುಗಳು ಮುಚ್ಚಿದ್ದ ಲಡಾಖಿನ ದಾರಿಯನ್ನು ಇವರ ಸೈನ್ಯವು ತೆರೆಯಿತು.

ಇದಕ್ಕಿಂತಲೂ ಕಠಿನವಾದ ಪರೀಕ್ಷೆಯು 1953ರಲ್ಲಿ ಕೊರಿಯಾದಲ್ಲಿ ಒದಗಿತು. ಸ್ವದೇಶಕ್ಕೆ ಮರಳಲೊಲ್ಲದ 22,000ಕ್ಕೂ ಮಿಕ್ಕ ಸೆರೆಯಾಳುಗಳ ವಿಷಯವನ್ನು ನೋಡಿಕೊಳ್ಳುವ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಇವರು ಅಧ್ಯಕ್ಷರು. ಸೆರೆಯಾಳುಗಳನ್ನು ಬಲಾತ್ಕಾರದಿಂದಾದರೂ ತಮ್ಮ ಪ್ರತಿನಿಧಿಗಳ ಮುಂದೆ ತರಬೇಕೆಂದು ಚೀನಾ ಮತ್ತು ಉತ್ತರ ಕೊರಿಯಾದವರು ಒತ್ತಾಯಪಡಿಸಿದರು. ತಿಮ್ಮಯ್ಯನವರು ಅದಕ್ಕೆ ಮಣಿಯಲಿಲ್ಲ. ಮಣಿದಿದ್ದರೆ ಆಯುಧವಿಲ್ಲದವರ ರಕ್ತವು ಹರಿಯುತ್ತಿದ್ದುದರಲ್ಲಿ ಸಂದೇಹವಿಲ್ಲ. 1954ರಲ್ಲಿ ಭಾರತ ಸರ್ಕಾರವು ಇವರಿಗೆ ಪದ್ಮಭೂಷಣವನ್ನಿತ್ತಿತು.

1957ರಿಂದ 1961ರವರೆಗೆ ಇವರು ಭಾರತದ ಭೂಸೇನೆಯ ಮುಖ್ಯಸ್ಥರಾಗಿದ್ದರು. ತರುವಾಯ ಸೈಪ್ರಸ್ ದ್ವೀಪದಲ್ಲಿ ಸಂಯುಕ್ತ ರಾಷ್ಟ್ರಸಂಘದ ಶಾಂತಿಪಾಲನಾ ಪಡೆಯ ನಾಯಕರಾಗಿ, 1965ರ ಡಿಸೆಂಬರ್ 18ರಂದು ಆ ಹುದ್ದೆಯಲ್ಲಿದ್ದಾಗಲೇ ದಿವಂಗತರಾದರು. ಕ್ಷತದಿಂದ ಕಾಯುವುದೇ ಕ್ಷತ್ರವೆಂದು ಪ್ರಾಚೀನರು ಹೇಳುವ ವ್ಯುತ್ಪತ್ತಿಗೆ ಈ ಜೀವಿತವು ನಿದರ್ಶನವಾಗಿದೆ.