ಸದ್ದಿನಿಂದ ಮೌನದವರೆಗೆ: ಬಿ.ಪಿ. ಅಳತೆಯ ಕಥೆ

ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಸರದಿಗಾಗಿ ಕಾದು ಕುಳಿತವರಿಗೆಲ್ಲ ಪರಿಚಿತ ದೃಶ್ಯವಿದು. ನರ್ಸ್ ಒಬ್ಬರು ರೋಗಿಯ ತೋಳಿಗೆ ಪಟ್ಟಿ ಸುತ್ತುತ್ತಾರೆ. ರಬ್ಬರ್ ಬಲ್ಬನ್ನು ಒತ್ತಿ ಒತ್ತಿ ಗಾಳಿ ತುಂಬುತ್ತಾರೆ. ಮೊಣಕೈಯ ಒಳಮಡಿಕೆಯಲ್ಲಿ ಸ್ಟೆತಾಸ್ಕೋಪ್ ಇಟ್ಟು, ಗಾಳಿಯನ್ನು ನಿಧಾನವಾಗಿ ಬಿಡುತ್ತ ಕಿವಿಗೊಡುತ್ತಾರೆ. ಸ್ವಲ್ಪ ಹೊತ್ತಿನಲ್ಲೇ ಚೀಟಿಯ ಮೇಲೆ ಎರಡು ಸಂಖ್ಯೆಗಳು ಮೂಡುತ್ತವೆ: 130/80. ‘ಬಿ.ಪಿ. ಎಷ್ಟಿದೆ ಸಿಸ್ಟರ್?’ ಎಂದು ಕೇಳಿ ತಿಳಿದುಕೊಂಡು ನಾವು ಮುಂದಿನ ಬಾಗಿಲಿಗೆ ಹೋಗುತ್ತೇವೆ.

ಹೊರಗಿನಿಂದ ನೋಡುವವರಿಗೆ ಇದು ಸುಲಭದ ಕೆಲಸ. ಆದರೆ ಮೊದಲ ವರ್ಷದ ನರ್ಸಿಂಗ್ ವಿದ್ಯಾರ್ಥಿನಿಗೆ ಇದೊಂದು ಅಗ್ನಿಪರೀಕ್ಷೆ. ಗಾಳಿ ಇಳಿಯುತ್ತಿರುವಾಗ ಕೇಳಿಸುವ ಒಂದು ಮೆಲ್ಲನೆಯ ಸದ್ದು, ಅದು ನಿಂತುಹೋಗುವ ಒಂದು ಕ್ಷಣ, ಇವೆರಡನ್ನು ಹಿಡಿಯುವುದೇ ಇಲ್ಲಿನ ವಿದ್ಯೆ. ಈ ವಿದ್ಯೆ ರೂಪುಗೊಳ್ಳಲು ಸುಮಾರು ಎರಡು ಶತಮಾನಗಳೇ ಬೇಕಾದವು.

ಕುದುರೆಯ ರಕ್ತ, ಗಾಜಿನ ಕೊಳವೆ

ಹೃದಯ ಕುಗ್ಗಿದಾಗ ರಕ್ತ ಅಪಧಮನಿಗಳಿಗೆ ನುಗ್ಗುತ್ತದೆ. ಆಗಿನ ಒತ್ತಡವೇ ಮೇಲಿನ ಸಂಖ್ಯೆ, ಅಂದರೆ ಸಂಕೋಚನ ಒತ್ತಡ. ಹೃದಯ ಹಿಗ್ಗಿ ವಿರಮಿಸುವಾಗ ಅಪಧಮನಿಗಳಲ್ಲಿ ಉಳಿಯುವ ಒತ್ತಡ ಕೆಳಗಿನ ಸಂಖ್ಯೆ, ವ್ಯಾಕೋಚನ ಒತ್ತಡ. ರಕ್ತಕ್ಕೆ ಇಂಥದೊಂದು ಒತ್ತಡವಿದೆ ಎಂದು ಮೊದಲು ಅಳೆದು ತೋರಿಸಿದವನು ವೈದ್ಯನಲ್ಲ, ಒಬ್ಬ ಪಾದ್ರಿ. ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಒಂದು ಹೆಣ್ಣು ಕುದುರೆಯನ್ನು ಕಟ್ಟಿ ಮಲಗಿಸಿ, ಅದರ ತೊಡೆಯ ಅಪಧಮನಿಗೆ ಹಿತ್ತಾಳೆಯ ನಳಿಕೆ ಸೇರಿಸಿ, ಅದಕ್ಕೆ ಒಂಬತ್ತು ಅಡಿಯ ಗಾಜಿನ ಕೊಳವೆಯನ್ನು ಜೋಡಿಸಿದ. ರಕ್ತ 8 ಅಡಿ 3 ಅಂಗುಲದವರೆಗೆ ಏರಿತು. ಹೃದಯ ಬಡಿದಂತೆಲ್ಲ ಕೊಳವೆಯೊಳಗೆ ರಕ್ತ ಏರಿಳಿಯಿತು. 1733ರಲ್ಲಿ ಆತ ಈ ಪ್ರಯೋಗಗಳ ವಿವರವನ್ನು ಗ್ರಂಥವಾಗಿ ಪ್ರಕಟಿಸಿದ.

ಒಂಬತ್ತು ಅಡಿಯ ಕೊಳವೆಯನ್ನು ರೋಗಿಯ ಮಂಚದ ಬಳಿಗೆ ಒಯ್ಯುವಂತಿರಲಿಲ್ಲ. 1828ರಲ್ಲಿ ಫ್ರಾನ್ಸಿನ ಪ್ವಾಸೆಯ್ ಪಾದರಸವನ್ನು ಬಳಸಿದ. ಪಾದರಸ ನೀರಿಗಿಂತ ಹದಿಮೂರೂವರೆ ಪಟ್ಟಿಗೂ ಹೆಚ್ಚು ಭಾರ. ಹೀಗಾಗಿ ಐದಡಿಗೂ ಮಿಕ್ಕ ನೀರಿನ ಕಂಬ ತೋರಿಸುವ ಒತ್ತಡವನ್ನು 120 ಮಿಲಿಮೀಟರ್ ಪಾದರಸ ತೋರಿಸಬಲ್ಲದು. ಇಂದಿಗೂ ರಕ್ತದೊತ್ತಡವನ್ನು ಪಾದರಸದ ಮಿಲಿಮೀಟರುಗಳಲ್ಲೇ ಹೇಳುವುದಕ್ಕೆ ಮೂಲ ಇಲ್ಲಿದೆ.

ಬೆರಳಿನಿಂದ ಕಿವಿಗೆ

ಅಪಧಮನಿಯನ್ನು ಕೊಯ್ಯದೆ ಅಳೆಯುವುದು ಹೇಗೆ? ಇದಕ್ಕೆ ನಂಬುಗೆಯ ಉತ್ತರ ದೊರೆತದ್ದು 1896ರಲ್ಲಿ, ಇಟಲಿಯ ಟ್ಯೂರಿನ್ ನಗರದಲ್ಲಿ. ಶಿಪಿಯೋನೆ ರಿವಾ-ರೊಚ್ಚಿ ಎಂಬ ವೈದ್ಯ ಸೈಕಲ್ ಟ್ಯೂಬು, ಶಾಯಿಯ ಕುಡಿಕೆ, ಪಾದರಸ ಮುಂತಾದ ಕೈಗೆ ಸಿಗುವ ವಸ್ತುಗಳಿಂದಲೇ ಉಪಕರಣ ಮಾಡಿದ. ತೋಳಿನ ಸುತ್ತ ಟ್ಯೂಬು ಸುತ್ತಿ ಗಾಳಿ ತುಂಬಿದರೆ ಒಳಗಿನ ಅಪಧಮನಿ ಅದುಮಿಹೋಗಿ ಮಣಿಕಟ್ಟಿನ ನಾಡಿ ನಿಲ್ಲುತ್ತದೆ. ಆಗ ಪಾದರಸ ಎಲ್ಲಿದೆಯೋ ಅದೇ ಮೇಲಿನ ಒತ್ತಡ. 1901ರಲ್ಲಿ ಅಮೆರಿಕದ ಶಸ್ತ್ರವೈದ್ಯ ಹಾರ್ವೆ ಕುಶಿಂಗ್ ಪಾವಿಯಾದಲ್ಲಿ ಇದನ್ನು ಕಂಡು ತನ್ನ ದೇಶಕ್ಕೆ ಒಯ್ದ. ಅಲ್ಲಿ ಎಲ್ಲರೂ ಅದನ್ನು ಸ್ವಾಗತಿಸಲಿಲ್ಲ. ಯಂತ್ರಕ್ಕಿಂತ ನುರಿತ ಬೆರಳೇ ಮೇಲು ಎಂದು ಹಾರ್ವರ್ಡ್ ವೈದ್ಯಕೀಯ ಶಾಲೆಯ ಸಮಿತಿಯೊಂದು ಅಭಿಪ್ರಾಯಪಟ್ಟಿತು.

ಕೆಳಗಿನ ಸಂಖ್ಯೆ ಮಾತ್ರ ಈ ವಿಧಾನದಿಂದ ಸಿಗುತ್ತಿರಲಿಲ್ಲ. ಅದನ್ನು ದೊರಕಿಸಿಕೊಟ್ಟವನು ರಷ್ಯಾದ ಶಸ್ತ್ರವೈದ್ಯ ನಿಕೊಲಾಯ್ ಕೊರೊತ್ಕೊವ್. ರಷ್ಯಾ-ಜಪಾನ್ ಯುದ್ಧದ ಕಾಲದಲ್ಲಿ ಹಾರ್ಬಿನ್ ನಗರದಲ್ಲಿ ಗಾಯಾಳು ಸೈನಿಕರಿಗೆ ಚಿಕಿತ್ಸೆ ನೀಡುತ್ತಿದ್ದ ಈತನನ್ನು ಕಾಡಿದ ಪ್ರಶ್ನೆಯೇ ಬೇರೆ. ಹಾನಿಗೊಂಡ ಅಪಧಮನಿಯನ್ನು ಕಟ್ಟಿಬಿಟ್ಟರೆ ಆ ಕೈ ಅಥವಾ ಕಾಲು ಉಳಿದೀತೆ? ಬಳಸುದಾರಿಯಲ್ಲಿ ಅದಕ್ಕೆ ಸಾಕಷ್ಟು ರಕ್ತ ತಲುಪೀತೆ? ಇದನ್ನು ತಿಳಿಯಲು ಆತ ರಕ್ತನಾಳಗಳ ಸದ್ದಿಗೆ ಕಿವಿಗೊಡುತ್ತಿದ್ದ. ಹಾಗೆ ಕೇಳುವಾಗಲೇ ರಿವಾ-ರೊಚ್ಚಿಯ ಪಟ್ಟಿಯ ಕೆಳಗೆ ಸದ್ದು ಹುಟ್ಟುವುದೂ ಅಡಗುವುದೂ ಅವನ ಗಮನಕ್ಕೆ ಬಂತು. 1905ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ಸೇನಾ ವೈದ್ಯಕೀಯ ಅಕಾಡೆಮಿಯಲ್ಲಿ ಆತ ಮಂಡಿಸಿದ ವರದಿ ಒಂದು ಪುಟದಷ್ಟೂ ಇರಲಿಲ್ಲ. ವೈದ್ಯಶಾಸ್ತ್ರದ ದಿನಚರಿಯನ್ನೇ ಬದಲಿಸಿದ ಬರಹ ಅದು.

ಅವನು ಕಂಡುಕೊಂಡದ್ದು ಇಷ್ಟು. ಅಪಧಮನಿ ಪೂರ್ತಿ ಮುಚ್ಚಿದ್ದರೆ ಸದ್ದಿಲ್ಲ. ಪೂರ್ತಿ ತೆರೆದಿದ್ದರೂ ಸದ್ದಿಲ್ಲ, ತುಂಬಿದ ಕಾಲುವೆಯ ನೀರಿನಂತೆ ರಕ್ತ ಸದ್ದಿಲ್ಲದೆ ಹರಿಯುತ್ತದೆ. ಅರ್ಧ ಅದುಮಿದ್ದಾಗ ಮಾತ್ರ, ಪ್ರತಿ ಬಡಿತಕ್ಕೂ ರಕ್ತ ಸಂದಿಯಲ್ಲಿ ನುಗ್ಗಿ ನಾಳದ ಗೋಡೆಯನ್ನು ಕಂಪಿಸುತ್ತದೆ. ಗಾಳಿ ಇಳಿಸುತ್ತ ಬಂದಾಗ ಮೊದಲು ಕೇಳುವ ‘ಟಪ್ ಟಪ್’ ಸದ್ದು ಮೇಲಿನ ಒತ್ತಡ. ಸದ್ದು ಅಡಗುವ ಜಾಗ ಕೆಳಗಿನ ಒತ್ತಡ. ಇವಕ್ಕೆ ಇಂದಿಗೂ ಕೊರೊತ್ಕೊವ್ ಧ್ವನಿಗಳೆಂದೇ ಹೆಸರು. ಈ ವೈದ್ಯ 1920ರಲ್ಲಿ ಕ್ಷಯದಿಂದ ತೀರಿಕೊಂಡಾಗ ಅವನಿಗಿನ್ನೂ ಐವತ್ತು ತುಂಬಿರಲಿಲ್ಲ.

ಕಲಿಕೆಯ ಕಷ್ಟ

ಮೊದಮೊದಲು ವೈದ್ಯರೇ ಮಾಡುತ್ತಿದ್ದ ಈ ಅಳತೆ ಕ್ರಮೇಣ ನರ್ಸುಗಳ ನಿತ್ಯದ ಕೆಲಸವಾಯಿತು. ಇದನ್ನು ಕಲಿಯುವ ವಿದ್ಯಾರ್ಥಿನಿ ತನಗರಿಯದೆಯೇ ಈ ಇಡೀ ಇತಿಹಾಸವನ್ನು ಪುನರಾವರ್ತಿಸುತ್ತಾಳೆ. ಮೊದಲು ರಿವಾ-ರೊಚ್ಚಿಯಂತೆ ಮಣಿಕಟ್ಟಿನ ನಾಡಿ ಹಿಡಿದು, ಅದು ಮರೆಯಾಗುವ ಮಟ್ಟವನ್ನು ಗುರುತಿಸಬೇಕು. ಅಲ್ಲಿಂದ 30 ಮಿ.ಮೀ. ಮೇಲಕ್ಕೆ ಗಾಳಿ ತುಂಬಬೇಕು. ಕೆಲವರಲ್ಲಿ, ಅದರಲ್ಲೂ ಹೆಚ್ಚು ಒತ್ತಡವಿರುವವರಲ್ಲಿ, ಸದ್ದು ನಡುವೆ ಮಾಯವಾಗಿ ಮತ್ತೆ ಬರುವುದುಂಟು. ಬೆರಳಿನ ಸಾಕ್ಷ್ಯವಿಲ್ಲದಿದ್ದರೆ ಆ ಎರಡನೆಯ ಸದ್ದನ್ನೇ ಮೊದಲನೆಯದೆಂದು ಭ್ರಮಿಸಿ 180 ಇರುವಲ್ಲಿ 140 ಎಂದು ಬರೆಯುವ ಅಪಾಯವಿದೆ. ಹಾರ್ವರ್ಡಿನವರು ಹೊಗಳಿದ ಬೆರಳು ಹೀಗೆ ಇಂದಿಗೂ ನಿವೃತ್ತವಾಗಿಲ್ಲ.

ಆಮೇಲೆ ಕಿವಿಯ ಸರದಿ. ವಾರ್ಡಿನ ಗದ್ದಲ, ಕೊಳವೆಗೆ ಬಟ್ಟೆ ತಾಗಿದ ಸಪ್ಪಳ, ತನ್ನದೇ ಎದೆಬಡಿತ ಎಲ್ಲವೂ ಒಟ್ಟಿಗೆ ಕೇಳುತ್ತವೆ, ಬೇಕಾದದ್ದನ್ನು ಬಿಟ್ಟು! ಇದಕ್ಕೆಂದೇ ಇಬ್ಬರು ಒಟ್ಟಿಗೆ ಕೇಳಬಹುದಾದ ಜೋಡಿ ಸ್ಟೆತಾಸ್ಕೋಪ್ ಇದೆ. ಗುರು ಶಿಷ್ಯೆ ಇಬ್ಬರೂ ಒಂದೇ ಸದ್ದಿಗೆ ಕಿವಿಗೊಟ್ಟು, ಆಮೇಲೆ ತಮ್ಮ ತಮ್ಮ ಸಂಖ್ಯೆಗಳನ್ನು ಹೋಲಿಸಿ ನೋಡುತ್ತಾರೆ.

ಕೈಗೂ ಶಿಸ್ತು ಬೇಕು. ಪಾದರಸ ಸೆಕೆಂಡಿಗೆ ಎರಡು ಮೂರು ಮಿ.ಮೀ.ಗಿಂತ ವೇಗವಾಗಿ ಇಳಿಯಬಾರದು. ನಿಮಿಷಕ್ಕೆ ಅರವತ್ತು ಬಡಿತವಿರುವ ರೋಗಿಯಲ್ಲಿ ಸೆಕೆಂಡಿಗೆ 10 ಮಿ.ಮೀ.ನಂತೆ ಗಾಳಿ ಬಿಟ್ಟರೆ, ಎರಡು ಬಡಿತಗಳ ನಡುವೆಯೇ 10 ಮಿ.ಮೀ. ಜಾರಿಹೋಗುತ್ತದೆ. ತೋಳು ಹೃದಯದ ಮಟ್ಟದಲ್ಲಿರಬೇಕು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಇಲ್ಲದ ಬಿ.ಪಿ. ಇದ್ದಂತೆ ತೋರುತ್ತದೆ. ಅಳೆಯುವಾಗ ರೋಗಿ ಮಾತಾಡಿದರೂ ಸಂಖ್ಯೆ ಏರುತ್ತದೆ.

ಎಲ್ಲಕ್ಕಿಂತ ದೊಡ್ಡ ಪಾಠ ಪ್ರಾಮಾಣಿಕತೆಯದು. ಉಪಕರಣದ ಗೀಟುಗಳು 2 ಮಿ.ಮೀ.ಗೊಂದರಂತೆ ಇರುತ್ತವೆ. ಆದ್ದರಿಂದ ಕೈಯಿಂದ ಅಳೆದು ಬರೆದ 125 ಅಥವಾ 135 ಕಂಡರೆ ಅದು ಅಂದಾಜಿನದೆಂದೇ ತಿಳಿಯಬೇಕು. ಸೊನ್ನೆಯಲ್ಲಿ ಮುಗಿಯುವ ಸಂಖ್ಯೆಗಳಿಗೆ ಬರೆಯುವವರ ಕೈ ಸಹಜವಾಗಿ ಒಲಿಯುತ್ತದೆ. ಕೇಳಿಸದಿದ್ದಾಗ ‘ಕೇಳಿಸಲಿಲ್ಲ ಮೇಡಂ’ ಎಂದು ಹೇಳಿ, ಗಾಳಿಯನ್ನು ಪೂರ್ತಿ ಬಿಟ್ಟು, ಒಂದೆರಡು ನಿಮಿಷ ತಡೆದು ಮತ್ತೆ ಅಳೆಯುವುದೇ ಸರಿಯಾದ ಕ್ರಮ. ಊಹಿಸಿ ಬರೆದ ಸಂಖ್ಯೆಯನ್ನು ನಂಬಿ ವೈದ್ಯರು ಮಾತ್ರೆ ಬರೆಯುತ್ತಾರೆ, ರೋಗಿ ಅದನ್ನು ನುಂಗುತ್ತಾನೆ.

ಸಂಖ್ಯೆ ಮತ್ತು ಅರ್ಥ

ಅಳೆದ ಮಾತ್ರಕ್ಕೆ ಎಲ್ಲವೂ ಮುಗಿಯುವುದಿಲ್ಲ ಎಂಬುದಕ್ಕೆ ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟರ ಕಥೆ ಸಾಕ್ಷಿ. 1944ರ ಮಾರ್ಚಿಯಲ್ಲಿ ಅವರ ಒತ್ತಡ 186/108 ಇತ್ತು. ಅದನ್ನು ಇಳಿಸುವ ಒಳ್ಳೆಯ ಔಷಧ ಆಗ ಇರಲಿಲ್ಲ. 1945ರ ಏಪ್ರಿಲ್ 12ರಂದು ತಲೆನೋವೆಂದು ಕುಸಿದಾಗ ಅದು 300/190 ಮುಟ್ಟಿತ್ತು. ಮಿದುಳಿನ ರಕ್ತಸ್ರಾವದಿಂದ ಅಂದೇ ತೀರಿಕೊಂಡರು. ಅದಾದ ನಾಲ್ಕು ವರ್ಷಗಳಲ್ಲಿ, 1949ರಲ್ಲಿ, ಮುಂಬಯಿಯ ವೈದ್ಯ ರುಸ್ತುಂ ಜಾಲ್ ವಕೀಲ್ ನಮ್ಮ ಸರ್ಪಗಂಧದ ಬೇರು ರಕ್ತದೊತ್ತಡ ಇಳಿಸುತ್ತದೆಂದು ಬ್ರಿಟನ್ನಿನ ಹೃದಯರೋಗ ಪತ್ರಿಕೆಯಲ್ಲಿ ಬರೆದು ಜಗತ್ತಿನ ಗಮನ ಸೆಳೆದರು. ಔಷಧಗಳು ಬಂದ ಮೇಲೆಯೇ ಆ ಎರಡು ಸಂಖ್ಯೆಗಳಿಗೆ ಪ್ರಾಣ ಉಳಿಸುವ ಶಕ್ತಿ ಬಂದದ್ದು.

ಈಗ ಪಾದರಸದ ಕಾಲ ಮುಗಿಯುತ್ತಿದೆ. ಅದು ವಿಷವಾದ್ದರಿಂದ 2013ರ ಮಿನಮಾಟಾ ಒಪ್ಪಂದ ಅಂಥ ಉಪಕರಣಗಳಿಗೆ ವಿದಾಯ ಹೇಳಿದೆ. 2018ರಲ್ಲಿ ಭಾರತವೂ ಒಪ್ಪಂದವನ್ನು ಅನುಮೋದಿಸಿತು. ಗುಂಡಿ ಒತ್ತಿದರೆ ಸಂಖ್ಯೆ ತೋರುವ ಯಂತ್ರಗಳು ಮನೆಮನೆಗೂ ಬಂದಿವೆ. ಆದರೆ ಅವುಗಳಲ್ಲಿ ಹೆಚ್ಚಿನವು ಸದ್ದನ್ನು ಕೇಳುವುದಿಲ್ಲ. ಪಟ್ಟಿಯ ಕಂಪನವನ್ನು ಗ್ರಹಿಸಿ ಲೆಕ್ಕ ಹಾಕುತ್ತವೆ. ನಾಡಿ ತಾಳತಪ್ಪಿದ್ದರೆ ಆ ಲೆಕ್ಕವೂ ತಪ್ಪಬಹುದು. ಹೊಸ ಯಂತ್ರವೊಂದು ನಂಬುವಂಥದೇ ಎಂದು ಪರೀಕ್ಷಿಸುವಾಗ ಇಂದಿಗೂ ಅದನ್ನು ಹೋಲಿಸುವುದು ತರಬೇತಾದ ಇಬ್ಬರು ಸ್ಟೆತಾಸ್ಕೋಪಿನಿಂದ ಕೇಳಿ ಬರೆದ ಸಂಖ್ಯೆಗಳೊಂದಿಗೆ.

ಯಂತ್ರದ ಸಾಚಾತನಕ್ಕೆ ಕೊನೆಗೂ ಮನುಷ್ಯನ ಕಿವಿಯೇ ಸಾಕ್ಷಿ. ಆದ್ದರಿಂದ ನರ್ಸಿಂಗ್ ವಿದ್ಯಾರ್ಥಿನಿ ‘ಸ್ವಲ್ಪ ಮಾತಾಡಬೇಡಿ’ ಎಂದರೆ ಬೇಸರಿಸಬೇಡಿ. ಕೊರೊತ್ಕೊವ್ ಕೇಳಿಸಿಕೊಂಡ ಸದ್ದನ್ನೇ ಆಕೆಯೂ ನಿಮ್ಮ ತೋಳಿನಲ್ಲಿ ಹುಡುಕುತ್ತಿರುತ್ತಾಳೆ.