ಅರಬ್ಬೀ ಚರಿತ್ರೆಗಳಲ್ಲಿ ಕ್ರಿ.ಶ. 1202ರ ಭೂಕಂಪ

ಕ್ರಿ.ಶ. 1201ರಲ್ಲೊಂದು, 1202ರಲ್ಲೊಂದು, ಹೀಗೆ ಎರಡು ಮಹಾಭೂಕಂಪಗಳು ಸಿರಿಯಾ ಮತ್ತು ಈಜಿಪ್ಟ್ ದೇಶಗಳನ್ನು ನಡುಗಿಸಿದುವೆಂದೂ ಹನ್ನೊಂದು ಲಕ್ಷ ಜನ ಮಡಿದರೆಂದೂ ಹಳೆಯ ಭೂಕಂಪ ಪಟ್ಟಿಗಳಲ್ಲಿ ಕಂಡುಬರುತ್ತದೆ. ಇದಕ್ಕೆ ಆಕರವಾದ ಅರಬ್ಬೀ ಚರಿತ್ರೆಗಳನ್ನು ಪರಸ್ಪರ ಹೋಲಿಸಿದರೆ ಬೇರೆಯೇ ಚಿತ್ರ ದೊರೆಯುತ್ತದೆ.

ಆಕರಗಳಲ್ಲಿ ಅಗ್ರಗಣ್ಯವಾದುದು ಆಗ ಈಜಿಪ್ಟಿನಲ್ಲಿದ್ದ ವೈದ್ಯ ಅಬ್ದ್ ಅಲ್-ಲತೀಫ್ ಅಲ್-ಬಗ್ದಾದಿಯ ಗ್ರಂಥ. ಅವನ ಸ್ವಹಸ್ತಪ್ರತಿಯೇ ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿದೆ. ಲಿಪಿಕಾರರ ಸ್ಖಾಲಿತ್ಯಕ್ಕೆ ಇಲ್ಲಿ ಅವಕಾಶವಿಲ್ಲ. ಹಿಜರಿ 598ರ ಶಾಬಾನ್ 26, ಸೋಮವಾರ ಪ್ರಾತಃಕಾಲ ಭೂಮಿ ಕಂಪಿಸಿತೆಂದು ಅವನು ಬರೆದಿದ್ದಾನೆ. ಗಣನೆಯಿಂದ ಇದು 1202ರ ಮೇ 20, ಅಂದು ಸೋಮವಾರವೇ. ಶಾಸನಗಳ ತಿಥಿವಾರಗಳನ್ನು ತಾಳೆನೋಡುವವರು ಈ ಹೊಂದಾಣಿಕೆಯ ಬೆಲೆಯನ್ನು ಬಲ್ಲರು. ಸಿರಿಯಾದ ಹಾನಿಯನ್ನಾದರೋ ಅವನು ಕಂಡವನಲ್ಲ. ಹಮಾ ಮತ್ತು ಡಮಾಸ್ಕಸ್‌ಗಳಿಂದ ಬಂದ ಪತ್ರಗಳನ್ನು ಪತ್ರಗಳೆಂದೇ ಹೇಳಿ ಉದ್ಧರಿಸಿದ್ದಾನೆ. ಕಂಡದ್ದು, ಕೇಳಿದ್ದು ಬೆರೆತಿಲ್ಲ.

ಡಮಾಸ್ಕಸ್ಸಿನ ಸಿಬ್ತ್ ಇಬ್ನ್ ಅಲ್-ಜೌಜಿ ತನ್ನ 'ಮಿರ್‌ಆತ್ ಅಲ್-ಜಮಾನ್' ಎಂಬ ವರ್ಷಾನುಕ್ರಮ ಚರಿತ್ರೆಯಲ್ಲಿ ಇದೇ ಕಂಪವನ್ನು ಹಿಜರಿ 597ರ ಕೆಳಗೆ ಸೇರಿಸಿದ್ದಾನೆ. ನೈಲ್ ನದಿ ಏರದೆ ಈಜಿಪ್ಟಿನಲ್ಲಿ ಘೋರ ಕ್ಷಾಮವೂ ಸಾಂಕ್ರಾಮಿಕ ರೋಗವೂ ತಲೆದೋರಿದ್ದುದು ಆ ವರ್ಷವೇ. ಹನ್ನೊಂದು ಲಕ್ಷದ ಲೆಕ್ಕ ಬಂದುದು ಈ ಕೃತಿಯಿಂದ. ಹದಿನಾಲ್ಕನೆಯ ಶತಮಾನದ ಇಬ್ನ್ ಕಥೀರ್ ಕೃತಿಯನ್ನು ಹೆಸರಿಸಿಯೇ ಆ ಸಂಖ್ಯೆಯನ್ನು ಎತ್ತಿಕೊಂಡಿದ್ದಾನೆ. ಮುಂದಿನವರಲ್ಲಿ ಅನೇಕರಿಗೆ ಆ ಎಚ್ಚರವೂ ಇಲ್ಲ. ಎರಡು ಇಸವಿಗಳು ಎರಡು ಭೂಕಂಪಗಳಾದುದು ಹೀಗೆ. ಆ್ಯಂಬ್ರೇಸಿಸ್ ಮತ್ತು ಮೆಲ್ವಿಲ್ ಎಂಬ ವಿದ್ವಾಂಸರು 1988ರಲ್ಲಿ ಪ್ರಕಟವಾದ ತಮ್ಮ ಅಧ್ಯಯನದಲ್ಲಿ ಈ ತೊಡಕನ್ನು ಬಿಡಿಸಿ, ಕ್ಷಾಮ ಹಾಗೂ ರೋಗಗಳಿಂದ ಸತ್ತವರೂ ಆ ಸಂಖ್ಯೆಯಲ್ಲಿ ಸೇರಿರುವರೆಂದು ತೋರಿಸಿದರು.

ಹಾಗೆಂದು ಸಿಬ್ತನ ಬರಹವನ್ನು ತಳ್ಳಿಹಾಕುವುದು ಸಲ್ಲದು. ವರ್ಷ ತಪ್ಪಿದರೂ ಸ್ಥಳವಿವರಗಳು ತಪ್ಪಬೇಕೆಂದಿಲ್ಲ. ನಾಬ್ಲಸ್ ಪಟ್ಟಣದಲ್ಲಿ ಸಮಾರಿಟನರ ಬೀದಿಯೊಂದನ್ನುಳಿದು ಮಿಕ್ಕೆಲ್ಲವೂ ನೆಲಸಮವಾಯಿತೆಂಬಂಥ ಅರಬ್ಬೀ ಉಲ್ಲೇಖಗಳು ಹಾನಿಯ ವ್ಯಾಪ್ತಿಯನ್ನು ಗುರುತಿಸಲು ನೆರವಾಗುತ್ತವೆ. ಕ್ರೈಸ್ತ ಯೋಧಸಂಘಗಳ ಮುಖ್ಯಸ್ಥರು ಲ್ಯಾಟಿನ್ನಿನಲ್ಲಿ ಬರೆದ ಪತ್ರಗಳೂ 1202ರ ಮೇ 20ನ್ನೇ ಹೇಳುತ್ತವೆ.

ಇವೆಲ್ಲಕ್ಕೂ ಹೊರತಾದ ಸಾಕ್ಷಿಯೊಂದು ಜೋರ್ಡಾನ್ ನದಿಯ ದಂಡೆಯಲ್ಲಿದೆ. 1179ರಲ್ಲಿ ಸಲಾದಿನ್ ಕೆಡವಿದ ವಾಡುಮ್ ಜೇಕಬ್ ಕೋಟೆಯ ಗೋಡೆ, ಅದರಡಿಯ ಭೂಸ್ತರಭಂಗದ ಮೇಲೆ ಒಟ್ಟು 2.1 ಮೀಟರಿನಷ್ಟು ಪಕ್ಕಕ್ಕೆ ಜಾರಿದೆ. ಅದರಲ್ಲಿ 1.6 ಮೀಟರು 1202ರ ಕಂಪದ್ದೆಂದೂ ಉಳಿದದ್ದು ಬಹುಶಃ 1759ರದ್ದೆಂದೂ ಸಂಶೋಧಕರ ನಿರ್ಣಯ. ಕಲ್ಲು ಜಾರಿದ ಅಳತೆ ಗೋಡೆಯಿಂದ ತಿಳಿಯಿತು. ಮೊದಲು ಜಾರಿದ ದಿನವನ್ನು ಮಾತ್ರ ಹಸ್ತಪ್ರತಿಗಳಿಂದಲೇ ತಿಳಿಯಬೇಕಾಯಿತು.