ಸಡಿಲ ತಂತಿ, ದನದ ಪಟ್ಟಿ, ನಮ್ ತಾತನ ತಂಬೂರಿ

ಹೋದ್ ಸೋಮವಾರ ರಾಗಿಹಿಟ್ಟು ಜರಡಿ ಹಿಡೀತಾ ಕುಂತಿದ್ದೆ, ಫೋನು ಟಿಣ್ ಅಂತು. ನಮ್ ತಮ್ಮನ ಮಗಳು ಬೆಂಗಳೂರಿಂದ ಹಾಡು ಕಳಿಸಿದ್ಲು. “ಅತ್ತೆ, ಹವಾಯಿ ದ್ವೀಪದ ಗಿಟಾರು ಕಣತ್ತೆ, ಹೊಸ ಆಲ್ಬಂ, ಕೇಳಿ ಹೆಂಗದ ಹೇಳು” ಅಂತ. ನಾನು ಗಿಟಾರು ಅಂದ್ರೆ ಸಿನಿಮಾದಲ್ಲಿ ಹುಡುಗ್ರು ಕತ್ತಿಗೆ ನೇತಾಕಂದು ಕುಣಿಯೋದು ಅನ್ಕೊಂಡಿದ್ದೋಳು. ಆಗ್ಲಿ ಅಂತ ಫೋನ ಡಬ್ಬಕ್ಕೆ ಒರಗಿಸಿ ಹಾಕ್ದೆ. ಹಾಡೋರು ಯಾರೂ ಇಲ್ಲ, ಬರೀ ತಂತಿ. ಕೆಳಗೆ ದಪ್ಪ ತಂತಿ ಗುಂಯ್ ಗುಂಯ್ ಅಂತ ನಿಲ್ದೆ ಮಿಡೀತಾ ಅದ, ಅದರ ಮೇಲೆ ಸಣ್ಣ ತಂತಿಗಳು ನಿಧಾನಕ್ಕೆ ಮಾತಾಡ್ಕಂಡು ಹೋಯ್ತವ. ಎರಡನೇದು ಮುಗಿಯೋಷ್ಟೊತ್ಗೆ ನನ್ನ ಜರಡಿ ನಿಂತೋಗಿತ್ತು. ಆ ಗುಂಯ್ ನಂಗೆ ಗೊತ್ತಿರೋದು ಕಣ್ರವ್ವ. ಗೋಪಿನಾಥಂನ ನಮ್ಮ ತವರುಮನೆ ಜಗುಲಿಲಿ ತಾತ ತಂಬೂರಿ ಮೀಟಿದ್ರೆ ಹಿಂಗೇ ಕೇಳೋದು.

ಒಂದು ವಾರ ಬೇರೆ ಕೆಲಸ ಇಲ್ದೋಳಂಗೆ ಅದನ್ನೇ ಕೇಳಿದ್ದೀನಿ, ಅದರ ಚರಿತ್ರೆನೂ ಹುಡುಕಿ ಓದಿದ್ದೀನಿ. ನಿಮಗೂ ಒಸಿ ಹೇಳ್ತೀನಿ.

ಮೊದಲು ಒಂದು ಗೊಂದಲ ಬಿಡಿಸ್ಬೇಕು. ನಮ್ ದೇಶದಲ್ಲಿ ಹವಾಯಿ ಗಿಟಾರು ಅಂತ ಹೆಸರಾಗಿರೋದು ಬೇರೆ. ಅದು ತೊಡೆ ಮೇಲೆ ಮಲಗಿಸಿಕೊಂಡು ತಂತಿ ಮೇಲೆ ಉಕ್ಕಿನ ಸರಳು ಜಾರಿಸೋದು. ಆ ಊರಿನ ಟಾವ್ ಮೋ ಅನ್ನೋರು 1940ರ ದಶಕದಲ್ಲಿ ಕಲ್ಕತ್ತಾದಲ್ಲೇ ಇದ್ದು ಅದನ್ನ ನುಡಿಸಿದ್ರು. ಆಮೇಲೆ ಬ್ರಿಜ್ ಭೂಷಣ್ ಕಾಬ್ರಾ ಅವರ ಕೈಲಿ ಅದು ಹಿಂದೂಸ್ತಾನಿ ಕಚೇರಿ ಏರ್ತು. ವಿಶ್ವಮೋಹನ ಭಟ್ಟರು ಅದಕ್ಕೆ ಇನ್ನಷ್ಟು ತಂತಿ ಕಟ್ಟಿ ಮೋಹನ ವೀಣೆ ಅಂತ ಹೆಸರಿಟ್ಟು, 1994ರಲ್ಲಿ ಗ್ರಾಮಿ ಪ್ರಶಸ್ತಿನೂ ತಂದ್ರು. ನಮ್ಮ ಬೆಂಗಳೂರಲ್ಲೇ ಪ್ರಕಾಶ್ ಸೊಂಟಕ್ಕೆ ಅವರು ನುಡಿಸ್ತರ. ಅದು ಜಾರೋ ಗಿಟಾರು. ನಾನು ಹೇಳ್ತಿರೋದು ಸಡಿಲ ತಂತಿದು. ಅವರ ಭಾಷೆಲಿ ‘ಕೀ ಹೊ ಆಲು’ ಅಂತರ, ಬಿರಡೆ ಸಡಿಲ ಬುಡೋದು ಅಂತ ಅರ್ಥ.

ಇದು ಹುಟ್ಟಿದ್ದು ದನದಿಂದ ಅಂದ್ರೆ ನಂಬ್ತೀರಾ? 1793ರಲ್ಲಿ ವ್ಯಾಂಕೂವರ್ ಅನ್ನೋ ಇಂಗ್ಲಿಷ್ ಹಡಗಿನ ಕ್ಯಾಪ್ಟನ್ ಅಲ್ಲಿನ ದೊರೆ ಕಾಮೆಹಮೆಹಾನಿಗೆ ದನಗಳ ಕಾಣಿಕೆ ಕೊಟ್ಟ. ಆ ದ್ವೀಪದೋರು ಅಲ್ಲೀವರ್ಗೂ ದನ ಕಂಡವರೇ ಅಲ್ಲ. ಹತ್ತು ವರ್ಷ ಯಾರೂ ಅವನ್ನ ಕೊಲ್ಲಕೂಡ್ದು ಅಂತ ದೊರೆ ಕಟ್ಟು ಮಾಡ್ದ. ಕೇಳ್ಬೇಕಾ, ದನ ಕಾಡಿಗೆ ಬಿದ್ದು ಸಾವಿರಗಟ್ಲೆ ಆದೋ, ಕಲ್ಲಿನ ಗೋಡೆ ನೆಗೆದು ಜನರ ಹೊಲ ಮೇಯಕ್ಕೆ ಸುರು ಮಾಡ್ದೋ. ನಮ್ ಕಡೆ ಆನೆ ಕಾಟ ಇದ್ದಂಗೆ ಅವ್ರಿಗೆ ದನದ ಕಾಟ. ಕೊನೆಗೆ 1830ರ ದಶಕದಲ್ಲಿ ಮೂರನೇ ಕಾಮೆಹಮೆಹಾ ದೊರೆ, ಆಗ ಮೆಕ್ಸಿಕೋಗೆ ಸೇರಿದ್ದ ಕ್ಯಾಲಿಫೋರ್ನಿಯಾದಿಂದ ದನ ಹಿಡಿಯೋ ಕುದುರೆ ಸವಾರರನ್ನ ಕರೆಸ್ದ. ಅವರಾಡ್ತಿದ್ದ ಸ್ಪ್ಯಾನಿಷ್ ಭಾಷೆ ಹೆಸರೇ ತಿರುಚಿ ಅಲ್ಲಿ ದನ ಕಾಯೋರಿಗೆ ‘ಪನಿಯೋಲೊ’ ಅನ್ನೋ ಹೆಸರು ನಿಂತೋಯ್ತು. ಆ ಸವಾರರು ತಂದ ಗಿಟಾರು ದ್ವೀಪದಲ್ಲೇ ಉಳ್ಕತ್ತು. ಹೆಂಗೆ ಶ್ರುತಿ ಮಾಡ್ಬೇಕು ಅಂತ ಅವರು ಪೂರಾ ಹೇಳ್ಕೊಟ್ಟು ಹೋಗ್ಲಿಲ್ವೋ, ಇವರಿಗೇ ಅದು ಒಗ್ಗಲಿಲ್ವೋ, ಇವರು ತಮ್ಮ ಗಂಟಲಿಗೆ, ತಮ್ಮ ಹಳೇ ಮಂತ್ರ ಪದಗಳಿಗೆ ಸರಿಯಾಗಂಗೆ ಬಿರಡೆ ಸಡಿಲ ಬುಟ್ಟು ಕೂರಿಸ್ಕಂಡ್ರು.

ಮಾಡೋದು ಸುಲಭ. ಆರು ತಂತಿಲಿ ಮೂರನ್ನ ಒಂದೊಂದು ಸ್ವರ ಕೆಳಕ್ಕೆ ಇಳಿಸಿದ್ರೆ ಸಾಕು, ಬೆರಳು ಒತ್ತದೆ ಸುಮ್ನೆ ಎಳೆದ್ರೂ ಎಲ್ಲಾ ತಂತಿ ಒಂದೇ ಮನೆಯವರಂಗೆ ಕೂಡಿ ನುಡೀತವ. ಹೆಬ್ಬೆರಳು ದಪ್ಪ ತಂತಿ ನೋಡ್ಕಂತದ, ಉಳಿದ ಬೆರಳು ಹಾಡು ನೋಡ್ಕಂತವ. ಈ ಶ್ರುತಿಗೆ ಅವರು ಇಟ್ಟಿರೋ ಹೆಸರು ಕೇಳಿ ನಗು ಬಂತು: ಕೆಸವಿನ ಗದ್ದೆ! ನಾವು ಸಾರಿಗೆ ಹಾಕೋ ಅದೇ ಕೆಸವಿನ ಗೆಡ್ಡೆ ಅವರಿಗೆ ನಮ್ಮ ರಾಗಿ ಇದ್ದಂಗೆ, ಬೇಯಿಸಿ ಕುಟ್ಟಿ ಅಂಬಲಿ ತರ ಮಾಡಿ ಉಣ್ತರ. ಅದೇ ಶ್ರುತಿಲಿ ಇನ್ನೊಂದು ತಂತಿಯ ಅರ್ಧ ಸ್ವರ ಇಳಿಸಿದ್ರೆ ‘ವಾಹಿನೆ’ ಶ್ರುತಿ, ಹಂಗಂದ್ರೆ ಹೆಂಗ್ಸು. ಅರ್ಧ ಸ್ವರಕ್ಕೇ ಅದು ಎಷ್ಟು ಮೆತ್ತಗಾಯ್ತದ, ಒಂಥರಾ ಬಿಕ್ಕು ತುಂಬ್ಕಂಡಂಗೆ. ಹೆಸರಿಟ್ಟೋರು ಯಾರೋ, ಮನೆಲಿ ಹೆಂಡ್ರ ಮಾತು ಕೇಳಿದೋರೇ ಇರ್ಬೇಕು.

ತಾತನೂ ಇದೇ ಮಾಡ್ತಿದ್ರು. ಅವರು ದೇವರಗುಡ್ಡರು, ಮಾದಪ್ಪನ ಕತೆ ಹೇಳೋರು. ತಂಬೂರಿಗೆ ನಾಕು ತಂತಿ. ಸರಿಗಮ ಅವರಿಗೆ ಗೊತ್ತಿರಲಿಲ್ಲ. ಗಂಟಲು ಕಟ್ಟಿದ ದಿನ “ಇವತ್ತು ವಸಿ ಇಳಿಸ್ಕಳನ” ಅಂತ ಬಿರಡೆ ತಿರುಗ್ಸಿ, ಕುದುರೆ ಮೇಲೆ ತಂತಿ ಕೆಳಗೆ ದಾರ ಎಳೆದಾಡಿ, ಕಿವಿ ಕೊಟ್ಟು, ತಲೆ ಆಡ್ಸಿ, ಆಮೇಲೆ ಉಘೇ ಅನ್ನೋರು.

ದನದ ಕತೆ ನಮ್ಮಲ್ಲೂ ಅದ. ಮಾದಪ್ಪನಿಗೆ ಗುಡಿ ಕಟ್ಟಿಸ್ದೋನು ಆಲಂಬಾಡಿ ಜುಂಜೇಗೌಡ ಅಂತ ಕತೆಲಿ ಬತ್ತದಲ್ಲ, ಅವನ ಸಿರಿಯೆಲ್ಲ ದನವೇ. ಆಲಂಬಾಡಿ ದನ ಅಂದ್ರೆ ಈಗಲೂ ಹೆಸರಾದ ತಳಿ. ನಮ್ ಊರೋರೂ ಕಾಡಲ್ಲಿ ಪಟ್ಟಿ ಹಾಕಿ ದನ ಮೇಯಿಸ್ದೋರೇ. ರಾತ್ರಿ ಪಟ್ಟಿ ಕಾವಲಿಗೆ ಬೆಂಕಿ ಹಾಕ್ಕಂಡು ಕುಂತಾಗ ಸಾಲಿನ ಮೇಲೆ ಸಾಲು ಹಾಡ್ತಿದ್ರಂತೆ. ಅಲ್ಲೂ ದನ ಕಾಯೋರ ಕೈಲಿ ತಂತಿ, ಇಲ್ಲೂ ಅಷ್ಟೆ. ಹಂಗಂತ ಎರಡಕ್ಕೂ ನೆಂಟಸ್ತನ ಕಟ್ಟಕ್ಕೆ ನಾನು ಹೋಗಲ್ಲ, ನಡುವೆ ಸಮುದ್ರ ಅದ. ಕತ್ತಲಲ್ಲಿ ಎಚ್ಚರ ಇರ್ಬೇಕಾದ ಜನಕ್ಕೆ ಬಿಡದೆ ಮಿಡಿಯೋ ತಂತಿ ಬೇಕಾಯ್ತದ ಅಂತ ಮಾತ್ರ ನನ್ನ ಲೆಕ್ಕ.

ನನ್ನ ನಿದ್ದೆ ಕೆಡಿಸಿದ್ದು ಇದಲ್ಲ, ಮುಂದಿಂದು. ಅಲ್ಲಿ ಒಂದೊಂದು ಮನೆತನಕ್ಕೆ ಒಂದೊಂದು ಗುಟ್ಟಿನ ಶ್ರುತಿ ಇತ್ತು. ಹೊರಗಿನೋರಿಗೆ ಹೇಳ್ಕೊಡ್ತಿರಲಿಲ್ಲ. ಬೇರೆಯವರು ಬಂದ್ರೆ ಬೆನ್ನು ತಿರುಗ್ಸಿ ನುಡಿಸೋರು, ಗಿಟಾರು ಕೆಳಗಿಡೋಕೆ ಮುಂಚೆ ತಂತಿ ಕೆಡಿಸಿಟ್ಟು ಹೋಗೋರು. ನಮ್ ದೊಡ್ಡವ್ವ ಬಸ್ಸಾರಿನ ಖಾರ ಅರೆಯೋವಾಗ ಸೆರಗು ಮರೆ ಮಾಡ್ಕತಿತ್ತಲ್ಲ, ಹಂಗೆ. ಅಷ್ಟರಲ್ಲಿ ಕಾಲ ಬದಲಾಯ್ತು. 1893ರಲ್ಲಿ ಅವರ ರಾಣಿನ ಪಟ್ಟದಿಂದ ಇಳಿಸಿದ್ರು, 1896ರಲ್ಲಿ ಇಸ್ಕೂಲಲ್ಲಿ ಅವರ ಭಾಷೆಲಿ ಪಾಠ ಹೇಳೋದು ನಿಲ್ತು, 1898ಕ್ಕೆ ದ್ವೀಪ ಅಮೆರಿಕದ ಪಾಲಾಯ್ತು. ಮಕ್ಕಳಿಗೆ ಹಳೇದು ಬೇಡಾಯ್ತು. ಮುದುಕರು ಸತ್ರೆ ಶ್ರುತಿನೂ ಅವರ ಜೊತೆಗೇ ಮಣ್ಣಿಗೆ.

ಉಳಿಸ್ದೋರು ಕೆಲವರು. ಗ್ಯಾಬಿ ಪಹಿನುಯಿ ಅಂತ, ಹೊನೊಲುಲು ಊರಲ್ಲಿ ರಸ್ತೆ ಕೆಲಸ ಮಾಡ್ತಿದ್ದ ಮನುಷ್ಯ, 1940ರ ದಶಕದಲ್ಲಿ ತಟ್ಟೆಗೆ ಹಾಡಿದ್ದೇ ಜನಕ್ಕೆ ದೊಡ್ಡ ಎಚ್ಚರ. 1973ರಲ್ಲಿ ಕಿಯೋಲಾ ಬೀಮರ್ ಅನ್ನೋರು ಕಲಿಯೋ ಪುಸ್ತಕನೇ ಬರೆದ್ರು. ನಂಗೆ ಇಷ್ಟವಾದೋಳು ಆಲಿಸ್ ನಾಮಕೆಲುಆ, ಎಲ್ಲಾರೂ ಕರೆಯೋದು ಆಲಿಸತ್ತೆ ಅಂತ. 1892ರಲ್ಲಿ ಹುಟ್ಟಿ, ಹಾಡು ಕಟ್ಟಿ, ಹುಲಾ ಕುಣಿತ ಕಲಿಸಿ, ಗಿಟಾರು ಹೇಳ್ಕೊಟ್ಟು, ಎಂಬತ್ತರ ಮೇಲೆ ತನ್ನದೇ ಆಲ್ಬಂ ಮಾಡ್ತು. ಕೊನೆಗೆ 2005ರಲ್ಲಿ ಹವಾಯಿ ಸಂಗೀತಕ್ಕೆ ಅಂತಲೇ ಮೊದಲ ಸಲ ಗ್ರಾಮಿ ಕೊಟ್ಟಾಗ, ಅದು ಹೋಗಿದ್ದೂ ಸಡಿಲ ತಂತಿ ಆಲ್ಬಂಗೇ.

ನಮ್ಮಲ್ಲೂ ಹಂಗೆ ಬರೆದುಕೊಂಡೋರು ಅವರೆ. ಹೆಬ್ಬಣಿ ಮಾದಯ್ಯ ಮತ್ತೆ ಅವರ ಮೇಳ ಹಾಡಿದ್ದನ್ನ ಕೇಶವನ್ ಪ್ರಸಾದ್ ಸಂಗ್ರಹ ಮಾಡಿದ್ರು, 2001ರಲ್ಲಿ ಸಾಹಿತ್ಯ ಅಕಾಡೆಮಿ ಅದನ್ನ ಇಂಗ್ಲಿಷಲ್ಲೂ ತಂತು. ಪುಸ್ತಕದಲ್ಲಿ ಮಾತು ಸಿಗ್ತದ. ನಮ್ ತಾತ ಸಂಕಮ್ಮನ ಸಾಲಿಗೆ ಬಂದಾಗ, ಗಂಡ ನೀಲೇಗೌಡ ಜೇನಿಗೆ ಹೋಗೋ ಮುಂಚೆ ಅವಳಿಗೆ ಕೊಡೋ ಕಾಟ ಹೇಳೋವಾಗ, ತಂಬೂರಿ ಒಂದೆರಡು ಗಳಿಗೆ ನಿಲ್ಲಿಸಿ ಬರೀ ಗಂಟಲಲ್ಲಿ ಹೇಳೋರು. ಜಗುಲಿ ಕೆಳಗೆ ಕುಂತ ಹೆಂಗಸ್ರೆಲ್ಲ ಸೆರಗಲ್ಲಿ ಮೂಗೊರಸೋರು. ಆ ನಿಲ್ಲಿಸೋದು ಎಲ್ಲಿ ಬರೆದದ?

ಆಮೇಲೆ ನಮ್ ಕಾಡಿನ ಕಾಲ ಕೆಟ್ಟೋಯ್ತು, ನಿಮಗೆಲ್ಲ ಗೊತ್ತಿರೋದೆ. 1991ರ ನವೆಂಬರಲ್ಲಿ ಶ್ರೀನಿವಾಸ್ ಸಾಹೇಬ್ರನ್ನ ಕೊಂದ ಮೇಲಂತೂ ಕತ್ತಲಾದ್ರೆ ಯಾರೂ ಆಚೆ ಬತ್ತಿರಲಿಲ್ಲ. ಜಗುಲಿ ಮೇಲೆ ದೀಪ ಇಲ್ಲ, ರಾತ್ರಿ ಕತೆ ಇಲ್ಲ. ತಾತ ತಂಬೂರಿಗೆ ಬಟ್ಟೆ ಸುತ್ತಿ ಅಟ್ಟಕ್ಕೆ ಏರ್ಸಿದ್ರು. ನೆಮ್ಮದಿ ಬಂದಾಗ ಅವರಿರಲಿಲ್ಲ.

ನೆನ್ನೆ ತವರಿಗೆ ಹೋಗಿ ಅದನ್ನ ಇಳಿಸ್ದೆ. ಎರಡು ತಂತಿ ಹೋಗ್ಬುಟ್ಟವ, ಒಂದು ಬಿರಡೆ ಇಲಿ ಕಡ್ದದ. ಉಳಿದ ಎರಡನ್ನ ಹೆಂಗೆ ಕೂರಿಸೋದು ಅಂತ ಯಾರಿಗೂ ತಿಳೀದು. ಚಿಕ್ಕವ್ವ ಕುಂತು ನೋಡ್ತಾ ಇತ್ತು, ಎಪ್ಪತ್ತೆಂಟು ವಯಸ್ಸು, ಕಣ್ಣು ಕಾಣಲ್ಲ. ನಾನು ಬಿರಡೆ ತಿರುಗಿಸ್ದಂಗೆಲ್ಲ “ಇನ್ನೂ ಇಳಿಸವ್ವ... ಇನ್ನೊಸಿ... ಹಾ, ಬೇಡ, ಮೇಲಾಯ್ತು” ಅಂತ ಹೇಳ್ತಾ ಹೋಯ್ತು. ಹೆಂಗಸ್ರಿಗೆ ತಂಬೂರಿ ಕೊಡೋರೇ ಅಲ್ಲ ಆವಾಗ, ಆದ್ರೆ ಕಿವಿಗೆ ಯಾರು ಬೀಗ ಹಾಕ್ತರ? ಒಂದು ಕಡೆ ಸಾಕು ಅಂತು. ಮೀಟ್ದೆ. ಚಿಕ್ಕವ್ವ ತಲೆ ಆಡಿಸ್ತು, ತಾತನಂಗೇ.

ಅದನ್ನ ಫೋನಲ್ಲಿ ಹಿಡ್ಕಂಡು ತಮ್ಮನ ಮಗಳಿಗೆ ಕಳಿಸಿದ್ದೀನಿ. ಶಿವರಾತ್ರಿಗೆ ಬತ್ತಳಂತೆ, ಚಿಕ್ಕವ್ವನ ಹತ್ರ ಮಿಕ್ಕ ಎರಡು ತಂತಿ ಶ್ರುತಿನೂ ಕೇಳಿ ಬರ್ಕತಳಂತೆ. ಅಷ್ಟರೊಳಗೆ ತಂತಿ ಬೇಕು. ಕೊಳ್ಳೇಗಾಲದಲ್ಲೋ ಹನೂರಲ್ಲೋ ತಂಬೂರಿ ತಂತಿ, ಬಿರಡೆ ಮಾಡ್ಕೊಡೋರು ಇದ್ರೆ ಯಾರಾದ್ರೂ ಹೇಳ್ರವ್ವ.